ಕೆಂಪು ಗುಂಡಿಯ ಮೇಲಿಟ್ಟ ಕೈ

ನಮ್ಮ ವರ್ಕ್‌ಶಾಪು ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಪುತ್ತಿಗೆ ಪಂಚಾಯತಿನ ಒಳಗೆ, ಒಂದು ಬೋಳು ಮುರಕಲ್ಲಿನ ದಿಣ್ಣೆಯ ಮೇಲಿದೆ. ನನ್ನ ಅಣ್ಣ ಹದಿನಾರು ವರ್ಷ ಗಲ್ಫಿನಲ್ಲಿ ಹಡಗು ರಿಪೇರಿಯ ಫಿಟ್ಟರ್ ಆಗಿದ್ದು ಹಿಂದೆ ಬಂದವನು. ನಾನು ಡಿಪ್ಲೊಮಾ ಮುಗಿಸಿ ಮಂಗಳೂರಿನ ಒಂದು ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸದಲ್ಲಿದ್ದೆ. ಇಬ್ಬರೂ ಸೇರಿ ಈ ಶೆಡ್ಡು ಹಾಕಿದೆವು. ಮೂರನೆಯವರು ಮೇಸ್ತ್ರಿಗಳು. ಕಬ್ಬಿಣ ಕಡೆಯುವ ಲೇತಿನ ಮುಂದೆ ನಲವತ್ತು ವರ್ಷ ನಿಂತವರು. ಮನೆಯಲ್ಲಿ ತುಳು, ನಮ್ಮ ಹತ್ತಿರ ಕನ್ನಡ. ಕಬ್ಬಿಣದ ಸಲಾಕೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿರುಗಿಸಿ, "ಇನ್ನೊಂದು ಕೂದಲು ತೆಗೆಯಬೇಕು" ಎನ್ನುತ್ತಿದ್ದರು. ನಾನು ಮೈಕ್ರೋಮೀಟರ್ ಹಿಡಿದರೆ ಅಷ್ಟೇ ಇರುತ್ತಿತ್ತು. ಅದು ನನಗೆ ಸೋಜಿಗವೂ ಹೌದು, ಒಂದು ಬಗೆಯ ಕಿರಿಕಿರಿಯೂ ಹೌದು. ಅಳತೆ ನನ್ನ ಕೆಲಸವಾಗಿತ್ತು.

ಶಿರಿಯದ ದೋಣಿಗಳ ಪ್ರೊಪೆಲರ್ ದಂಡ, ಬಾವಿ ಪಂಪಿನ ಬುಶ್ಶು, ಅಡಿಕೆ ಸುಲಿಯುವ ಯಂತ್ರದ ರೋಲರು, ಇವೇ ನಮ್ಮ ಕೆಲಸಗಳು. ಎರಡು ಹಳೆಯ ಕೈ ಲೇತುಗಳಲ್ಲಿ ನಡೆದುಹೋಗುತ್ತಿತ್ತು. ಒಂದು ವರ್ಷ ಚಳಿಗಾಲದಲ್ಲಿ ಮಂಗಳೂರಿನ ಪಂಪು ತಯಾರಿಸುವವರೊಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಪಂಪಿನೊಳಗೆ ತಿರುಗುವ ಸ್ಟೀಲಿನ ದಂಡಗಳು ಬೇಕು, ತಿಂಗಳು ತಿಂಗಳೂ ಬೇಕು, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು. ಕೈ ಲೇತಿನಲ್ಲಿ ಅದು ಆಗುವ ಮಾತಲ್ಲ. ಕಂಪ್ಯೂಟರ್ ಹೇಳಿದ ಹಾಗೆ ತಾನೇ ಕಡೆಯುವ ಸಿಎನ್‌ಸಿ ಲೇತು ಬೇಕಿತ್ತು.

ಹೊಸದಕ್ಕೆ ವಿಚಾರಿಸಿದೆವು. ಬುಕ್ ಮಾಡಿದ ಮೇಲೆ ಕೈಗೆ ಸಿಗಲು ಏಳು ತಿಂಗಳು ಎಂದರು. ಪಂಪಿನವರಿಗೆ ಮಳೆಗಾಲದ ಮೊದಲೇ ಮಾಲು ಶುರುವಾಗಬೇಕಿತ್ತು. ಅಣ್ಣ ದಿನಕ್ಕೆ ನಾಲ್ಕು ಜನಕ್ಕೆ ಫೋನು ಮಾಡಿದ. ಕೊನೆಗೆ ಒಬ್ಬ ಬ್ರೋಕರು, ಮಂಗಳೂರಿನ ಆಚೆ ಹೆದ್ದಾರಿ ಬದಿಯ ಒಂದು ಕಾರ್ಖಾನೆಯವರು ತಮ್ಮ ಯಂತ್ರ ಕೊಡುತ್ತಾರೆ, ಓಡುತ್ತಿರುವುದನ್ನೇ ಬಂದು ನೋಡಬಹುದು ಎಂದು ಹೇಳಿದ.

"ಓಡುವ ಯಂತ್ರವನ್ನು ಯಾಕೆ ಕೊಡುತ್ತಾರಂತೆ?" ಎಂದು ನಾನು ಕೇಳಿದೆ.

"ಇದಕ್ಕಿಂತ ದೊಡ್ಡದು ತೆಗೆದುಕೊಳ್ಳುತ್ತಾರಂತೆ. ನೀನೇ ಬಂದು ಅಳೆದು ನೋಡು ಮಾರಾಯ್ತಿ. ನಿನ್ನ ಅಳತೆಯಲ್ಲಿ ಪಾಸಾದರೆ ಮಾತ್ರ ತರುವ" ಎಂದ ಅಣ್ಣ.

ಆ ಮಾತು ನನಗೆ ಹಿತವಾಯಿತು. ಅದನ್ನು ಈಗ ಒಪ್ಪಿಕೊಳ್ಳಬೇಕು. ಒಂದು ವಾರ ಕೂತು ನೋಡಬೇಕಾದ್ದನ್ನೆಲ್ಲ ಪಟ್ಟಿ ಮಾಡಿದೆ. ಕೆಲಸದ ತುಂಡು ತಿರುಗುವಾಗ ಎಷ್ಟು ಓಲಾಡುತ್ತದೆ, ಹೋದ ಜಾಗಕ್ಕೆ ಉಳಿ ಸರಿಯಾಗಿ ವಾಪಸು ಬರುತ್ತದೆಯೇ, ಬಿಸಿಯಾದ ಮೇಲೆ ಅಳತೆ ಜಾರುತ್ತದೆಯೇ, ಹೀಗೆ ಎರಡು ಪುಟ. ನಮ್ಮದೇ ಸ್ಟೀಲು ಸಲಾಕೆಗಳನ್ನು ಕಡಿಸಿ ಚೀಲಕ್ಕೆ ಹಾಕಿದೆ. ಅವರ ಮೃದು ಸಲಾಕೆಯಲ್ಲಿ ಕಡೆದು ತೋರಿಸಿ ಮೋಸ ಮಾಡಬಾರದಲ್ಲ.

ಮೇಸ್ತ್ರಿಗಳನ್ನೂ ಕರೆದುಕೊಂಡು ಹೋದೆವು. ಕಾರ್ಖಾನೆಯ ಯಜಮಾನರು ಬಿಳಿ ಅಂಗಿಯ, ಮೆದು ಮಾತಿನ ಮನುಷ್ಯ. "ಎಷ್ಟು ಹೊತ್ತು ಬೇಕಾದರೂ ನೋಡಿ, ಅವಸರ ಇಲ್ಲ" ಎಂದರು. ಯಂತ್ರ ಓಡಿಸುವವನು ಗದಗದ ಕಡೆಯವನು, ಮೂವತ್ತೈದರ ಸುಮಾರು. ನಾವು ಕೇಳಿದ್ದಕ್ಕೆಲ್ಲ ಹೂಂ, ಊಹೂಂ ಎಂದಷ್ಟೇ ಹೇಳುತ್ತಿದ್ದ.

ಯಂತ್ರ ನೋಡಲು ಒಳ್ಳೆಯದೇ ಇತ್ತು. ಮೂಲೆಗಳಲ್ಲಿ ಬಣ್ಣ ಎದ್ದಿತ್ತು, ಎಣ್ಣೆಯ ಹಳದಿ ಕರೆ ಹಿಡಿದಿತ್ತು. ಆದರೆ ಬಾಗಿಲಿನ ಕಿಟಕಿ ಮಾತ್ರ ಹೊಸದು, ಫಳಫಳ ಹೊಳೆಯುತ್ತಿತ್ತು. ಅದರಾಚೆ, ಕೆಲಸದ ತುಂಡನ್ನು ಮೂರು ದವಡೆಗಳಿಂದ ಕಚ್ಚಿ ಹಿಡಿದು ಗರಗರ ತಿರುಗಿಸುವ ಚಕ್ಕು ಕಾಣುತ್ತಿತ್ತು. ಕಿಟಕಿ ಯಾಕೆ ಹೊಸದು ಎಂದು ಕೇಳಿದೆ. "ಚೂರುಗಳು ಬಡಿದು ಬಡಿದು ಮಸುಕಾಗ್ತದೆ ಮೇಡಂ. ಕಾಣ್ಬೇಕಲ್ಲ" ಎಂದರು ಯಜಮಾನರು. ಸರಿ ಅನ್ನಿಸಿತು.

ನಾಲ್ಕು ಗಂಟೆ ನಾನು ಅಳೆದೆ. ಓಲಾಟ ತೋರಿಸುವ ಡಯಲ್ ಗೇಜಿನ ಮುಳ್ಳು ಒಂದು ಗೆರೆಯಷ್ಟೂ ಅಲುಗಲಿಲ್ಲ. ನಮ್ಮ ಸಲಾಕೆಗಳಲ್ಲಿ ಎಂಟು ದಂಡ ಕಡೆಸಿದೆ. ಎಂಟೂ ಒಂದೇ ತಾಯಿಯ ಮಕ್ಕಳ ಹಾಗೆ ಬಂದವು. ಅಣ್ಣನಿಗೆ ನಗು ತಡೆಯಲಾಗುತ್ತಿರಲಿಲ್ಲ.

ನಡುವೆ ಯಜಮಾನರು ಚಹಾಕ್ಕೆ ತಮ್ಮ ಕೋಣೆಗೆ ಕರೆದರು. ಕೋಣೆಯ ಗಾಜಿನಿಂದ ಕೆಳಗಿನ ಯಂತ್ರಗಳೆಲ್ಲ ಕಾಣುತ್ತಿದ್ದವು. ಅವರು ತಮ್ಮ ಮೊದಲ ದಿನಗಳ ಕತೆ ಹೇಳುತ್ತಿದ್ದಾಗ ಕರೆಂಟು ಹೋಯಿತು. ಫ್ಯಾನು ನಿಧಾನವಾಯಿತು. ಯಜಮಾನರು ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದರು. ಕಪ್ಪಿನಿಂದ ಚಹಾ ತುಳುಕಿ ಸಾಸರಿಗೆ ಬಿತ್ತು. ಗಾಜಿಗೆ ಹಣೆ ತಾಗುವಷ್ಟು ಹತ್ತಿರ ಹೋಗಿ ಕೆಳಗೆ ನೋಡಿದರು. ನಾನೂ ನೋಡಿದೆ. ಎಲ್ಲ ಯಂತ್ರಗಳೂ ನಿಂತಿದ್ದವು. ಆ ಮಬ್ಬಿನಲ್ಲಿ ನಾವು ನೋಡಲು ಬಂದ ಯಂತ್ರ ಒಂದೇ ತನ್ನ ಹಸುರು ದೀಪ ಹಚ್ಚಿಕೊಂಡು ತಿರುಗುತ್ತಲೇ ಇತ್ತು.

ಅವರು ಉಸಿರು ಬಿಟ್ಟು ಕುಳಿತರು. "ಅದಕ್ಕೆ ಒಂದಕ್ಕೆ ಮಾತ್ರ ಯುಪಿಎಸ್ ಹಾಕಿಸಿದ್ದೇನೆ. ಮಗುವಿನ ಹಾಗೆ ನೋಡಿಕೊಂಡಿದ್ದೇವೆ" ಎಂದರು.

"ಅದೂ ಯಂತ್ರದ ಜೊತೆ ಬರುತ್ತದಾ?" ಎಂದ ಅಣ್ಣ.

"ಇಲ್ಲ ಇಲ್ಲ, ಅದು ನಮಗೆ ಬೇಕು."

ನಾನು ನನ್ನ ಪಟ್ಟಿಯ ಕೊನೆಯಲ್ಲಿ 'ನಿರ್ವಹಣೆ ಉತ್ತಮ' ಎಂದು ಬರೆದುಕೊಂಡೆ.

ವಾಪಸು ಬರುವಾಗ ಮೇಸ್ತ್ರಿಗಳು ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ತಲಪಾಡಿ ದಾಟಿದ ಮೇಲೆ ಒಮ್ಮೆಲೇ, "ಅಕ್ಕಾ, ಅದು ನಮಗೆ ಬೇಡ" ಎಂದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ಅವರು ನನ್ನನ್ನು ಕರೆಯುತ್ತಿದ್ದದ್ದು ಹಾಗೆಯೇ.

"ಯಾಕೆ? ಎಂತ ದೋಷ ಕಂಡಿತು ನಿಮಗೆ?" ಎಂದೆ.

"ಯಂತ್ರದಲ್ಲಿ ಎಂತ ಇಲ್ಲ. ಆ ಜನದ ಕೈ ನೋಡಿದಿರಾ?"

"ಯಾವ ಜನ?"

"ಓಡಿಸುವವ. ಕೆಂಪು ಗುಂಡಿ ಉಂಟಲ್ಲ, ಅರ್ಜೆಂಟಿಗೆ ನಿಲ್ಲಿಸಲಿಕ್ಕೆ. ನಾವು ಇದ್ದಷ್ಟು ಹೊತ್ತು ಅವನ ಅಂಗೈ ಅದರ ಮೇಲಿಂದ ತೆಗೆಯಲಿಲ್ಲ. ಒರೆಸಲಿಕ್ಕೆ, ಅಳೆಯಲಿಕ್ಕೆ ಎಲ್ಲ ಇನ್ನೊಂದೇ ಕೈ. ಮತ್ತೆ ಕಿಟಕಿಯ ಎದುರು ಒಂದು ಸಲ ನಿಲ್ಲಲಿಲ್ಲ. ಬದಿಯಲ್ಲಿ ಗೋಡೆಗೆ ಒರಗಿದ ಹಾಗೆ ನಿಲ್ಲುವುದು. ಯಂತ್ರದ ಮೇಲೆ ನಂಬಿಕೆ ಇರುವವ ಹಾಗೆ ನಿಲ್ಲುವುದಿಲ್ಲ ಅಕ್ಕ."

ಅಣ್ಣ ಕಾರು ಓಡಿಸುತ್ತಲೇ ನಕ್ಕ. "ಅದು ಅವನ ಅಭ್ಯಾಸ ಮೇಸ್ತ್ರಿಗಳೇ. ಗಲ್ಫಿನಲ್ಲಿ ಹಾಗೇ ನಿಲ್ಲಬೇಕು ಅಂತ ರೂಲೇ ಉಂಟು."

ನಾನು ನಗಲಿಲ್ಲ. ಆದರೆ ತೊಡೆಯ ಮೇಲೆ ಎರಡು ಪುಟದ ಅಂಕೆಗಳಿದ್ದವು, ಒಂದರಲ್ಲೂ ಕೊಂಕು ಇರಲಿಲ್ಲ. ಒಬ್ಬ ಮನುಷ್ಯ ಕೈಯನ್ನು ಎಲ್ಲಿ ಇಡುತ್ತಾನೆ ಎಂಬುದನ್ನು ಬರೆಯಲು ನನ್ನ ಪಟ್ಟಿಯಲ್ಲಿ ಜಾಗ ಇರಲಿಲ್ಲ. "ಅಳತೆಯಲ್ಲಿ ಪಾಸಾಗಿದೆ ಮೇಸ್ತ್ರಿಗಳೇ" ಎಂದೆ. 

ಮಾರ್ಚಿನಲ್ಲಿ ಯಂತ್ರ ಬಂತು. ಲಾರಿಯಿಂದ ಇಳಿಸಿ ರೋಲರುಗಳ ಮೇಲೆ ತಳ್ಳಿ ಒಳಗೆ ತರಲು ಒಂದು ಇಡೀ ಹಗಲು ಹಿಡಿಯಿತು. ಹೊಸ ಕೆಲಸಗಾರನನ್ನು ತರುವ ಎಂದು ಅಣ್ಣ ಹೇಳಿದಾಗ ಮೇಸ್ತ್ರಿಗಳು, "ಬೇಡ, ನಾನು ಕಲಿಯುತ್ತೇನೆ. ಅರಿಯದವನನ್ನು ಅದರ ಎದುರು ನಿಲ್ಲಿಸುವುದು ಬೇಡ" ಎಂದರು. ಅರುವತ್ತರ ಹೊಸ್ತಿಲಲ್ಲಿ ಕನ್ನಡಕ ಹಾಕಿಕೊಂಡು ಆ ಗುಂಡಿಗಳನ್ನೆಲ್ಲ ಕಲಿತರು. ಮೂರು ವಾರದಲ್ಲಿ ನಮಗಿಂತ ಚೆನ್ನಾಗಿ ಓಡಿಸಿದರು. ಒಂದು ದಿನ ನಾನು ಗಮನಿಸಿದೆ. ಅವರೂ ಬಲಗೈಯ ಅಂಗೈಯನ್ನು ಕೆಂಪು ಗುಂಡಿಯ ಮೇಲೆ ಇಟ್ಟುಕೊಂಡೇ ನಿಲ್ಲುತ್ತಿದ್ದರು. ನಮ್ಮ ಶೆಡ್ಡಿನಲ್ಲಿ ಯಂತ್ರದ ಆ ಬದಿಗೆ, ಗದಗದವನು ನಿಲ್ಲುತ್ತಿದ್ದ ಕಡೆಗೆ, ಗೋಡೆ ತೀರ ಹತ್ತಿರವಿತ್ತು. ಗುಂಡಿಗೆ ಕೈ ಎಟುಕಬೇಕಾದರೆ ಕಿಟಕಿಯ ಅಂಚಿಗೇ ನಿಲ್ಲಬೇಕಾಗಿತ್ತು.

"ಇದೆಂತ, ನಿಮಗೂ ಅಂಟಿತಾ?" ಎಂದು ತಮಾಷೆ ಮಾಡಿದೆ.

"ಅವನಿಗೆ ಗೊತ್ತಿದ್ದದ್ದು ನಮಗೆ ಗೊತ್ತಿಲ್ಲ. ಗೊತ್ತಾಗುವವರೆಗೆ ಹೀಗೇ ಇರಲಿ" ಎಂದರು.

ಏಪ್ರಿಲ್, ಮೇ ಎರಡೂ ತಿಂಗಳು ಯಂತ್ರ ಗಡಿಯಾರದ ಹಾಗೆ ಓಡಿತು. ಪಂಪಿನವರು ಮೊದಲ ಮಾಲು ನೋಡಿ ಹೊಗಳಿದರು. ಆ ಬೇಸಗೆ ನಮ್ಮ ದಿಣ್ಣೆಗೆ ಕರೆಂಟು ಒಳ್ಳೆಯದಿತ್ತು. ಹೋದರೂ ಊಟದ ಹೊತ್ತಿಗೋ, ಯಂತ್ರ ನಿಲ್ಲಿಸಿದ ಹೊತ್ತಿಗೋ ಹೋಗುತ್ತಿತ್ತು. ಅದು ಬರಿಯ ಅದೃಷ್ಟ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಜೂನಿನಲ್ಲಿ ಗಾಳಿ ಎದ್ದಿತು. ಮೊದಲ ಮಳೆಯ ವಾರದಲ್ಲೇ ಒಂದು ಬೆಳಿಗ್ಗೆ ಎಲ್ಲಿಯೋ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಯಂತ್ರದೊಳಗೆ ದಂಡ ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು. ಕರೆಂಟು ಹೋದರೂ ಚಕ್ಕು ಒಮ್ಮೆಲೇ ನಿಲ್ಲುವುದಿಲ್ಲ, ತಿರುಗುತ್ತಾ ತಿರುಗುತ್ತಾ ನಿಧಾನವಾಗುತ್ತದೆ. ಆ ಇಳಿಯುವ ಸದ್ದಿನ ನಡುವೆ ಒಳಗಿನಿಂದ ಧಡಾರ್ ಎಂದು ಕೇಳಿಸಿತು. ಬಾಗಿಲು ತೆಗೆದು ನೋಡಿದರೆ ದಂಡ ಚಕ್ಕಿನಿಂದ ಕಳಚಿ ಕೆಳಗಿನ ಚೂರುಗಳ ರಾಶಿಯಲ್ಲಿ ಬಿದ್ದಿತ್ತು. ಒಳಗಿನ ದಪ್ಪ ತಗಡಿನಲ್ಲಿ ತೆಂಗಿನಕಾಯಿ ಗಾತ್ರದ ತಗ್ಗು.

ಮೇಸ್ತ್ರಿಗಳು ಆ ತಗ್ಗಿನ ಮೇಲೆ ಬೆರಳಾಡಿಸಿದರು. "ಕರೆಂಟು ಹೋದ ಕೂಡಲೇ ಬಿಟ್ಟಿತು" ಎಂದರು.

"ಹಾಗೆ ಆಗುವುದಿಲ್ಲ. ಇಂಥ ಯಂತ್ರಗಳಲ್ಲಿ ಕರೆಂಟು ಹೋದರೂ ದವಡೆಗಳನ್ನು ಬಿಗಿಯುವ ಎಣ್ಣೆಯ ಒತ್ತಡ ಹಿಡಿದಿಡುವ ಒಂದು ವಾಲ್ವು ಇದ್ದೇ ಇರುತ್ತದೆ. ಚಕ್ಕು ನಿಲ್ಲುವವರೆಗೆ ಹಿಡಿತ ಬಿಡುವುದಿಲ್ಲ" ಎಂದೆ. ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿ ಇದ್ದದ್ದು ಹಾಗೆಯೇ. ನನಗೆ ಪುಟವೂ ನೆನಪಿತ್ತು.

ಯಜಮಾನರಿಗೆ ಫೋನು ಮಾಡಿದೆ.  ಅವರು ಅದೇ ಮೆದು ದನಿಯಲ್ಲಿ, "ದವಡೆಯ ಒತ್ತಡ ಸರಿಯಾಗಿ ಸೆಟ್ ಮಾಡ್ಲಿಲ್ಲ ಅಂತ ಕಾಣ್ತದೆ ಮೇಡಂ. ಹೊಸಬರಿಗೆ ಆಗುವುದುಂಟು" ಎಂದರು. ಕರೆಂಟು ಬಂದ ಮೇಲೆ ಒತ್ತಡದ ಗೇಜು ನೋಡಿದೆ. ಮುಳ್ಳು ಇರಬೇಕಾದಲ್ಲೇ ಇತ್ತು. ಕರೆಂಟು ಇದ್ದಾಗ ಅದು ಯಾವಾಗಲೂ ಅಲ್ಲೇ ಇರುತ್ತಿತ್ತು.

ರಿಪೇರಿ ಮಾಡುವ ಎಂಜಿನಿಯರಿಗೆ ಹೇಳಿದೆವು. ಹತ್ತು ದಿನ ಆಗುತ್ತದೆ ಎಂದ. ನಮ್ಮ ಎರಡನೆಯ ಕಂತಿನ ಮಾಲು ನಾಲ್ಕು ದಿನದಲ್ಲಿ ಹೋಗಬೇಕಿತ್ತು. ನಾವು ಮೂವರು ಯಂತ್ರದ ಮುಂದೆ ನಿಂತೆವು.

"ನಿಲ್ಲಿಸುವುದಾ?" ಎಂದ ಅಣ್ಣ. ನನ್ನನ್ನೇ ನೋಡುತ್ತಿದ್ದ. ಯಂತ್ರದ ವಿಷಯದಲ್ಲಿ ಕೊನೆಯ ಮಾತು ನನ್ನದು ಎಂದು ನಾವು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆವು.

ನಾನು ಹೊರಗೆ ನೋಡಿದೆ. ಮಳೆ ನಿಂತಿತ್ತು, ಬಿಸಿಲು ಬಂದಿತ್ತು. "ವೇಗ ಅರ್ಧ ಮಾಡುವ. ನಾಲ್ಕು ದಿನ ಅಲ್ವಾ" ಎಂದೆ.

ಮೇಸ್ತ್ರಿಗಳು ಹೊಸ ದಂಡ ಎತ್ತಿಕೊಂಡರು. ನಾನು ಯಂತ್ರದ ದಿನದಿನದ ವಿವರ ಬರೆದಿಡುವ ಪುಸ್ತಕ ತೆರೆದು, ಆ ದಿನದ ಸಾಲಿನಲ್ಲಿ, 'ದವಡೆಯ ಒತ್ತಡ ಹೊಂದಿಸುವಲ್ಲಿ ತಪ್ಪು, ಸರಿಪಡಿಸಲಾಗಿದೆ' ಎಂದು ಬರೆದೆ. ಸರಿಪಡಿಸಲು ನಾನು ಮುಟ್ಟಿದ್ದು ಏನನ್ನೂ ಇಲ್ಲ.

ಎರಡು ದಿನ ಏನೂ ಆಗಲಿಲ್ಲ. ಅರ್ಧ ವೇಗದಲ್ಲಿ ಮಾಲು ಮುಗಿಯುವ ಹಾಗೆ ಕಾಣಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಣ್ಣ ವೇಗ ಸ್ವಲ್ಪ ಏರಿಸಿದ. ನಾನು ಕಂಡೆ, ಬೇಡ ಎನ್ನಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಕಡಲ ಕಡೆಯಿಂದ ಮೋಡ ಕವಿದು ಶೆಡ್ಡಿನೊಳಗೆ ಲೈಟು ಹಾಕಬೇಕಾಯಿತು. ಗಾಳಿಗೆ ತಗಡಿನ ಮಾಡು ಕಟಕಟ ಅನ್ನುತ್ತಿತ್ತು. ನಾನು ಹತ್ತಡಿ ದೂರದ ಮೇಜಿನಲ್ಲಿ ದಂಡಗಳನ್ನು ಅಳೆಯುತ್ತಿದ್ದೆ. ಲೈಟು ಒಮ್ಮೆ ಮಿನುಗಿತು. ಮತ್ತೆ ಸರಿಯಾಯಿತು. ನಾನು ತಲೆ ಎತ್ತಿದೆ. ಮೇಸ್ತ್ರಿಗಳೂ ತಲೆ ಎತ್ತಿ ಲೈಟನ್ನೇ ನೋಡುತ್ತಿದ್ದರು. ನಿಲ್ಲಿಸಿ ಎಂದು ಹೇಳಲು ನಾನು ಬಾಯಿ ತೆರೆದದ್ದು ನೆನಪಿದೆ. ಹೇಳಿದೆನೋ ಇಲ್ಲವೋ ನೆನಪಿಲ್ಲ.

ಲೈಟು ಹೋಯಿತು. ಮೇಸ್ತ್ರಿಗಳು ಕೆಂಪು ಗುಂಡಿಯನ್ನು ಒತ್ತಿದರು. ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಕರೆಂಟೇ ಇಲ್ಲದ ಮೇಲೆ ಆ ಗುಂಡಿ ಏನು ಮಾಡೀತು? ಚಕ್ಕು ಸುಯ್ಯೆಂದು ತಿರುಗುತ್ತಲೇ ಇತ್ತು. ಆಮೇಲೆ ಬಂದದ್ದು ಸಿಡಿಮದ್ದಿನಂಥ ಸದ್ದು. ಕಿಟಕಿ ಒಡೆದು ದಂಡ ಹೊರಗೆ ಹಾರಿತು. ಮೇಸ್ತ್ರಿಗಳ ಬಲ ಭುಜಕ್ಕೆ ಬಡಿದು, ಅಲ್ಲಿಂದ ಗೋಡೆಗೆ ಹೋಗಿ, ಮುರಕಲ್ಲಿನಲ್ಲಿ ನೆಟ್ಟು ನಿಂತಿತು. ಅವರು ಕೂಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಮೆಲ್ಲನೆ ಕುಳಿತರು, ದಣಿದವರು ಕೂರುವ ಹಾಗೆ.

ಅಣ್ಣ ಅವರನ್ನು ಎತ್ತಿ ಕಾರಿನಲ್ಲಿ ಮಲಗಿಸಿದ. ಮಂಗಳೂರು ತಲುಪುವವರೆಗೆ ನಾನು ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಅವರು ತುಳುವಿನಲ್ಲಿ ಏನೋ ತೊದಲುತ್ತಿದ್ದರು. ಒಂದು ಮಾತು ಮಾತ್ರ ಅರ್ಥವಾಯಿತು. ಹೆಂಡತಿಗೆ ಈಗಲೇ ಹೇಳಬೇಡಿ ಎಂದು.

ಕೊರಳಮೂಳೆ, ತೋಳಿನ ಮೂಳೆ ಎರಡೂ ಮುರಿದಿದ್ದವು. ಮೂಳೆ ಕೂಡಿಸಬಹುದು, ಆದರೆ ನರಕ್ಕೆ ಪೆಟ್ಟಾಗಿದೆ ಎಂದರು ಡಾಕ್ಟರು. ಆಪರೇಶನ್ ಆಗಿ ಮೂರನೆಯ ದಿನ ನಾವಿಬ್ಬರೂ ಹೋದಾಗ ಮೇಸ್ತ್ರಿಗಳು ಎದ್ದು ಕುಳಿತಿದ್ದರು. ಹೆಂಡತಿ ಚಹಾ ತರಲು ಹೊರಗೆ ಹೋದದ್ದನ್ನು ನೋಡಿ ದನಿ ತಗ್ಗಿಸಿದರು.

"ಇನ್‌ಸ್ಪೆಕ್ಟರು ಬರ್ತಾರೆ. ನಾನು ದಂಡ ಸರಿಯಾಗಿ ಕಚ್ಚಿಸಲಿಲ್ಲ ಅಂತ ಬರೆಸಿ. ನಾನೂ ಹಾಗೇ ಹೇಳ್ತೇನೆ."

"ಎಂತ ಮಾತು ಇದು?" ಎಂದೆ.

"ಶೆಡ್ಡು ಮುಚ್ಚಿದರೆ ನಿಮಗೂ ಇಲ್ಲ, ನನಗೂ ಇಲ್ಲ. ನನಗೆ ಹೇಗೂ ಆಗಿ ಹೋಯ್ತಲ್ಲ ಅಕ್ಕ."

ಅಣ್ಣ ಕಿಟಕಿಯ ಕಡೆ ತಿರುಗಿ ನಿಂತಿದ್ದ. ಅವನೂ ಅದನ್ನೇ ಯೋಚಿಸಿದ್ದ ಎಂದು ಬೆನ್ನು ನೋಡಿಯೇ ನನಗೆ ತಿಳಿಯಿತು.

ಅದೇ ವಾರ ಎಂಜಿನಿಯರ್ ಬಂದು ಯಂತ್ರ ಬಿಚ್ಚಿದ. ಒತ್ತಡ ಹಿಡಿದಿಡುವ ವಾಲ್ವು ಸವೆದು ಸೋರುತ್ತಿತ್ತು. ಒತ್ತಡ ಕಡಿಮೆಯಾದರೆ ಯಂತ್ರವನ್ನು ಶುರುವಾಗಲೂ ಬಿಡದ ಒಂದು ಸ್ವಿಚ್ಚು ಇರುತ್ತದೆ. ಅದರ ಎರಡು ವಯರುಗಳನ್ನು ಒಂದಕ್ಕೊಂದು ಹೊಸೆದು ಟೇಪು ಸುತ್ತಿದ್ದರು. ಕಿಟಕಿಗೆ ಹಾಕಿದ್ದು ಬೋರ್ಡುಗಳಿಗೆ ಹಾಕುವ ಸಾಮಾನ್ಯ ಪ್ಲಾಸ್ಟಿಕ್ಕು. ಎಂಜಿನಿಯರ್ ಆ ಟೇಪನ್ನು ನನ್ನ ಅಂಗೈಯಲ್ಲಿಟ್ಟು, "ಇದು ತಾನಾಗಿ ಆದದ್ದಲ್ಲ ಮೇಡಂ. ಯಾರೋ ಕೂತು ಮಾಡಿದ್ದು" ಎಂದ. ಟೇಪಿನ ಅಂಟು ಒಣಗಿ ಪುಡಿಯಾಗುತ್ತಿತ್ತು. ವರ್ಷಗಳ ಹಿಂದಿನದು.

ನಾನು ಬಸ್ಸು ಹತ್ತಿ ಆ ಕಾರ್ಖಾನೆಗೆ ಹೋದೆ. ಯಜಮಾನರು ಊರಲ್ಲಿಲ್ಲ ಎಂದರು. ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕಾದು ಕುಳಿತೆ. ಊಟದ ಹೊತ್ತಿಗೆ ಗದಗದವನು ಹೊರಗೆ ಬಂದ. ನನ್ನನ್ನು ಕಂಡವನೇ ನಿಂತ. ಓಡಿ ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಬಂದು ಎದುರಿನ ಬೆಂಚಿನಲ್ಲಿ ಕುಳಿತ.

"ಯಾರಿಗ್ರಿ?" ಎಂದು ಕೇಳಿದ.

ಏನಾಯಿತು ಎಂದು ಅವನು ಕೇಳಲಿಲ್ಲ. ಯಾರಿಗೆ ಎಂದು ಕೇಳಿದ.

"ಆ ದಿನ ನಮ್ಮ ಜೊತೆ ಬಂದಿದ್ದರಲ್ಲ, ಹಿರಿಯರು" ಎಂದೆ.

"ಜೀವಂತ ಅದಾರೇನ್ರಿ?"

"ಇದ್ದಾರೆ. ಕೈ ಹೋಯಿತು."

ಅವನು ಕಣ್ಣು ಮುಚ್ಚಿ ತೆರೆದ. "ಆ ಕಿಟಕಿ ಎರಡ ಸಲ ಹಾಕಸ್ಯಾರ್ರಿ ಮೇಡಂ. ನನಗಿಂತ ಮೊದಲ ಒಬ್ಬಾವ ಇದ್ದ. ಊರಿಗೆ ಹೋದ. ಮತ್ತ ಬರಲಿಲ್ಲ."

"ಬರಲಿಲ್ಲ ಎಂದರೆ?"

 ಅವನು ಚಹಾದ ಗ್ಲಾಸನ್ನು ಮೇಜಿನ ಮೇಲೆ ತಿರುಗಿಸುತ್ತಿದ್ದ. ನಾನೂ ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

"ಅಷ್ಟು ದೊಡ್ಡ ಯುಪಿಎಸ್ ಹಾಕಿಸುವ ಬದಲು ಆ ವಾಲ್ವು ಬದಲಾಯಿಸಬಹುದಿತ್ತಲ್ಲ?" ಎಂದೆ. ನನ್ನ ದನಿ ಏರಿತ್ತು. ಅಂಗಡಿಯವರು ತಿರುಗಿ ನೋಡಿದರು.

"ಬದಲಿ ಮಾಡಾಕ ಮಷೀನ ನಿಲ್ಲಸಬೇಕಿತ್ರಿ. ಆರ್ಡರ್ ಇದ್ವು. ಆಮ್ಯಾಲ ನೋಡೂಣು ಅಂದ್ರು" ಎಂದ. ಹೇಳಿದ ರೀತಿಯಲ್ಲಿ ಕೊಂಕು ಇರಲಿಲ್ಲ, ದೂರೂ ಇರಲಿಲ್ಲ.

ಬೈಯಬೇಕೆಂದು ಎಷ್ಟೋ ಮಾತುಗಳನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದೆ. ಒಂದೂ ಹೊರಡಲಿಲ್ಲ. ನಾಲ್ಕು ದಿನ ಅಲ್ವಾ ಎಂದು ನಾನೇ ಹೇಳಿದ್ದೆ.

ಕಾರ್ಖಾನೆಗಳ ಇಲಾಖೆಯ ಇನ್‌ಸ್ಪೆಕ್ಟರು ಮರುವಾರ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ರಾಜ್ಯದ ತೆಂಕಲ ಜಿಲ್ಲೆಯವರು, ಕನ್ನಡ ಬಾರದು. ಮಲಯಾಳದಲ್ಲಿ ಕೇಳುತ್ತಾ ಹೋದರು, ನಾನು ತಿಳಿದಷ್ಟು ಮಲಯಾಳದಲ್ಲಿ ಹೇಳುತ್ತಾ ಹೋದೆ. ಗೋಡೆಯಲ್ಲಿ ದಂಡ ನೆಟ್ಟಿದ್ದ ತೂತಿಗೆ ಬೆರಳು ಹಾಕಿ ನೋಡಿದರು. ಬೆರಳು ಪೂರ್ತಿ ಒಳಗೆ ಹೋಯಿತು. ಮೇಜಿಗೆ ಬಂದು ಯಂತ್ರದ ಪುಸ್ತಕ ತೆರೆದರು.

"ಇದಕ್ಕೆ ಮೊದಲು ಹೀಗೆ ಆಗಿತ್ತಾ?"

ಅಣ್ಣ ನೆಲ ನೋಡಿದ. ಮೇಸ್ತ್ರಿಗಳ ಹೇಳಿಕೆ ಇನ್‌ಸ್ಪೆಕ್ಟರ ಫೈಲಿನಲ್ಲಿತ್ತು. ತಪ್ಪು ತನ್ನದೇ ಎಂದು ಎಡಗೈಯಲ್ಲಿ ಸಹಿ ಹಾಕಿಕೊಟ್ಟಿದ್ದರು. ಆ ಸೊಟ್ಟ ಸಹಿ ಮೇಜಿನ ಈಚೆಯಿಂದಲೇ ನನಗೆ ಕಾಣುತ್ತಿತ್ತು.

"ಆಗಿತ್ತು. ಮೂರು ದಿನ ಮೊದಲು" ಎಂದೆ. "ಪುಸ್ತಕದಲ್ಲಿ ನಾನು ಬರೆದದ್ದು ಸುಳ್ಳು. ಸರಿಪಡಿಸಿರಲಿಲ್ಲ. ಯಂತ್ರ ಓಡಿಸಲು ಹೇಳಿದ್ದು ನಾನೇ. ಮೇಸ್ತ್ರಿಗಳ ತಪ್ಪು ಇದರಲ್ಲಿ ಏನೂ ಇಲ್ಲ."

ಅವರು ಪೆನ್ನು ಎತ್ತಿ ನನ್ನ ಮುಖ ನೋಡಿದರು. "ಇದನ್ನು ಬರೆದರೆ ಏನಾಗುತ್ತದೆ ಗೊತ್ತಿದೆಯಲ್ಲ?" ಎಂದು ಮೆಲ್ಲನೆ ಕೇಳಿದರು.

"ಬರೆಯಿರಿ" ಎಂದೆ.

ಯಂತ್ರಕ್ಕೆ ಸೀಲು ಬಿತ್ತು. ಪಂಪಿನವರು ಬೇರೆ ಕಡೆ ಹೋದರು. ನನ್ನ ಮೇಲೆ ಕೇಸಾಯಿತು. ಅದು ಇನ್ನೂ ನಡೆಯುತ್ತಿದೆ, ಅದರ ವಿಷಯ ಇಲ್ಲಿ ಬರೆಯುವುದಿಲ್ಲ. ಮಾರಿದವರ ಹೆಸರನ್ನೂ ಹೇಳಿಕೆಯಲ್ಲಿ ಕೊಟ್ಟೆ. 'ಇದ್ದ ಸ್ಥಿತಿಯಲ್ಲಿ ಪರೀಕ್ಷಿಸಿ ಒಪ್ಪಿ ಪಡೆದಿದ್ದೇವೆ' ಎಂಬ ಕಾಗದಕ್ಕೆ ನಾನು ಹಾಕಿದ್ದ ಸಹಿಯನ್ನು ಅವರ ವಕೀಲರು ಕಳಿಸಿಕೊಟ್ಟರು. ಅಣ್ಣ ಎರಡು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಒಂದು ದಿನ ಊಟದ ನಡುವೆ, "ನೀನು ಹೇಳದಿದ್ದರೆ ನಾನೇ ಹೇಳುತ್ತಿದ್ದೆ ಅಂತ ಅನ್ನಿಸುತ್ತದೆ. ಆದರೆ ಹೇಳುತ್ತಿದ್ದೆನಾ ಅಂತ ಗೊತ್ತಿಲ್ಲ ಮಾರಾಯ್ತಿ" ಎಂದ. ಅಲ್ಲಿಗೆ ಆ ಸಿಟ್ಟು ಮುಗಿಯಿತು.

ಮೇಸ್ತ್ರಿಗಳು ಆರು ತಿಂಗಳ ಮೇಲೆ ಕೆಲಸಕ್ಕೆ ಬಂದರು. ತೋಳು ಭುಜದಿಂದ ಮೇಲೆ ಏಳುವುದಿಲ್ಲ. ಹೆಬ್ಬೆರಳು, ತೋರುಬೆರಳು ಎರಡಕ್ಕೂ ಸ್ಪರ್ಶ ಇಲ್ಲ. ನನ್ನ ಮೇಜಿನ ಪಕ್ಕದಲ್ಲಿ ಕುರ್ಚಿ ಹಾಕಿಸಿದೆ. ಈಗ ಅವರು ಎಡಗೈಯಲ್ಲಿ ಮೈಕ್ರೋಮೀಟರ್ ಹಿಡಿದು ಅಳೆಯುತ್ತಾರೆ. ಒಮ್ಮೊಮ್ಮೆ ಮರೆತು ಬಲಗೈಯಲ್ಲಿ ತುಂಡು ಹಿಡಿದು ತಿರುಗಿಸಿ, ಸ್ವಲ್ಪ ಹೊತ್ತು ಕಾದು, ಮತ್ತೆ ಕೆಳಗಿಡುತ್ತಾರೆ. ಆಗ ನಾನು ಬೇರೆ ಕಡೆ ನೋಡುತ್ತೇನೆ.

ಯಂತ್ರ ಮಾತ್ರ ಉಳಿಯಿತು. ವಾಲ್ವು, ಸ್ವಿಚ್ಚು, ಕಿಟಕಿ ಎಲ್ಲ ಸರಿಯಾದದ್ದೇ ಹಾಕಿಸಿದೆವು. ಸೀಲು ತೆಗೆಯಲು ಬಂದ ಇಲಾಖೆಯವರ ಎದುರಿಗೇ ಚಕ್ಕಿಗೆ ದಂಡ ಕಚ್ಚಿಸಿ, ಎಲ್ಲರನ್ನೂ ಹೊರಗೆ ನಿಲ್ಲಿಸಿ, ಪೂರ್ತಿ ವೇಗದಲ್ಲಿ ಇರುವಾಗ ನಾನೇ ಕರೆಂಟಿನ ಮೈನ್ ಸ್ವಿಚ್ಚು ತೆಗೆದೆ. ಹನ್ನೆರಡು ಸಲ ತೆಗೆದೆ. ಹನ್ನೆರಡು ಸಲವೂ ದಂಡ ಹಿಡಿತದಲ್ಲೇ ಇತ್ತು. ಅದನ್ನು ಈಗ ನಾನೇ ಓಡಿಸುತ್ತೇನೆ. ಬೇರೆಯವರನ್ನು ಅಲ್ಲಿ ನಿಲ್ಲಿಸಲು ಮನಸ್ಸು ಬಂದಿಲ್ಲ. ಮಳೆಗಾಲದಲ್ಲಿ ಲೈಟು ಮಿನುಗಿದರೆ ಕೂಡಲೇ ನಿಲ್ಲಿಸಿಬಿಡುತ್ತೇನೆ.

ಸುದ್ದಿ ಈ ಕಡೆಯ ವರ್ಕ್‌ಶಾಪುಗಳಲ್ಲೆಲ್ಲ ಹಬ್ಬಿತು. ಹಳೆಯ ಯಂತ್ರ ಕೊಳ್ಳುವವರು ನನ್ನನ್ನು ಕರೆಯತೊಡಗಿದರು. ಒಮ್ಮೆ ಬಂದು ನೋಡಿ ಹೇಳಿ ಎಂದು. ಹೋಗುತ್ತೇನೆ. ಡಯಲ್ ಗೇಜಿನ ಪೆಟ್ಟಿಗೆಯನ್ನು ಕಾರಿನಲ್ಲೇ ಬಿಟ್ಟು ಇಳಿದು, ಮೊದಲು ಒಂದೇ ಮಾತು ಕೇಳುತ್ತೇನೆ. ಓಡುತ್ತಿರುವಾಗ ಮೈನ್ ತೆಗೆದು ತೋರಿಸುತ್ತೀರಾ? ಕೆಲವರು ಕೂಡಲೇ ತೆಗೆಯುತ್ತಾರೆ. ಕೆಲವರು ನಗುತ್ತಾರೆ. ಕೆಲವರ ಕಣ್ಣು ಯಂತ್ರದ ಕಡೆಗೆ ಹೋಗಿ ವಾಪಸು ಬರುತ್ತದೆ.

ಹೋದ ತಿಂಗಳು ಬದಿಯಡ್ಕದ ಹತ್ತಿರ ಗೇಟು, ಗ್ರಿಲ್ಲು ಮಾಡುವವರೊಬ್ಬರು ತಗಡು ಒತ್ತಿ ಆಕಾರ ಕೊಡುವ ಪ್ರೆಸ್ಸು ತೆಗೆದುಕೊಳ್ಳಲು ಹೊರಟಿದ್ದರು. ನಾನು ಅದೇ ಮಾತು ಕೇಳಿದೆ. ಮಾರುವವನು, "ಇವತ್ತು ಓಡಿಸುವವ ರಜೆ, ಇನ್ನೊಮ್ಮೆ ತೋರಿಸುವ" ಎಂದ. ಆದರೆ ಯಂತ್ರದ ಪಕ್ಕದಲ್ಲೇ ಒಬ್ಬ ಗ್ಲೌಸು ಹಾಕಿಕೊಂಡು ನಿಂತಿದ್ದ. ಹೊರಗೆ ಬಂದು, "ಬೇಡ" ಎಂದೆ.

"ಎಂತ ಅಕ್ಕ, ನೋಡ್ಲಿಕ್ಕೆ ಒಳ್ಳೆದುಂಟಲ್ಲ. ಎಂತ ದೋಷ?"

"ದೋಷ ಗೊತ್ತಿಲ್ಲ. ತೋರಿಸಲಿಲ್ಲ, ಅಷ್ಟೇ."

ಅವರು ತಲೆಯಾಡಿಸಿದರು. ಒಪ್ಪಿದರೋ ಸುಮ್ಮನಾದರೋ ತಿಳಿಯಲಿಲ್ಲ. ಹತ್ತು ದಿನ ಕಳೆದು ಒಂದು ಬೆಳಿಗ್ಗೆ ನಮ್ಮ ಶೆಡ್ಡಿನ ಮುಂದಿನ ರಸ್ತೆಯಲ್ಲಿ, ನೀಲಿ ಟಾರ್ಪಾಲು ಹೊದಿಸಿದ ಭಾರದ ಲಾರಿಯೊಂದು ಬದಿಯಡ್ಕದ ಕಡೆಗೆ ಹತ್ತಿ ಹೋಯಿತು. ಹಗ್ಗದ ನಡುವೆ ಪ್ರೆಸ್ಸಿನ ತಲೆ ಎದ್ದು ಕಾಣುತ್ತಿತ್ತು. ಮೇಸ್ತ್ರಿಗಳು ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದು, ಅದು ತಿರುವು ದಾಟುವವರೆಗೂ ನೋಡಿದರು.

ನಾನು ಆ ಕೂಡಲೇ ಫೋನು ಮಾಡಿದೆ. ಅವರು ಎತ್ತಲಿಲ್ಲ. ವಾರದ ಮೇಲೆ ತಾವೇ ಮಾಡಿದರು.

"ಚೆಂದ ಓಡ್ತಾ ಉಂಟು ಅಕ್ಕ" ಎಂದರು. "ನೀವು ಸುಮ್ಮನೆ ಹೆದರಿಸಿದ್ದು."